ಗಾಳಕ್ಕೆ ಯಾವ ಎರೆ? 900 ವರ್ಷ ಹಳೆಯ ಪ್ರಶ್ನೆ

ಇವತ್ತಿನ ಕಂತಿನಲ್ಲಿ ರಾಜರ ಯುದ್ಧ ಇಲ್ಲ, ಮೀನಿನ ಗಾಳ ಇದೆ.

ಕೆನಡಾ ಕಡೆ ಚಳಿಗಾಲದಲ್ಲಿ ಕೆರೆಗಳೇ ಹೆಪ್ಪುಗಟ್ಟುತ್ತವೆ. ಜನ ಆ ಹಿಮದಲ್ಲಿ ತೂತು ಕೊರೆದು, ಗಾಳ ಇಳಿಬಿಟ್ಟು ವಾಲ್‌ಐ ಅನ್ನೋ ಮೀನು ಹಿಡೀತಾರೆ. ಯಾವ ಬಣ್ಣದ ಲೂರ್, ಅಂದ್ರೆ ನಕಲಿ ಎರೆ? ಎಷ್ಟು ಆಳ? ಯಾವ ಹೊತ್ತು? ಈ ಬಗ್ಗೆ ವಿಡಿಯೋಗಳಿಗೆ ಲೆಕ್ಕವೇ ಇಲ್ಲ. ಆದರೆ ಇದೇ ಪ್ರಶ್ನೆ ನಮ್ಮ ನೆಲದಲ್ಲಿ ಸುಮಾರು 900 ವರ್ಷದ ಹಿಂದೆಯೇ ಗ್ರಂಥ ಸೇರಿತ್ತು.

ಬರೆಸಿದವನು ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ, ಆರನೇ ವಿಕ್ರಮಾದಿತ್ಯನ ಮಗ. ಗ್ರಂಥ ‘ಮಾನಸೋಲ್ಲಾಸ’. ಸಂಸ್ಕೃತದಲ್ಲಿದೆ, 100 ಅಧ್ಯಾಯ. ಅದರಲ್ಲಿ ಒಂದು ‘ಮತ್ಸ್ಯವಿನೋದ’. ಕಲ್ಯಾಣ ಅಂದ್ರೆ ಬೀದರ್ ಜಿಲ್ಲೆಯ ಬಸವಕಲ್ಯಾಣ. ನಮಗೆ ದೂರ ಅನಿಸಬಹುದು. ಆದರೆ ಹರಪನಹಳ್ಳಿ ಹತ್ತಿರದ ಬಾಗಳಿ, ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಕುರುವತ್ತಿ, ಇಲ್ಲಿನ ಗುಡಿಗಳು ಅದೇ ಚಾಲುಕ್ಯರ ಕಾಲದವು. ನಮ್ಮ ಸೀಮೆಯೂ ಅವರ ರಾಜ್ಯದೊಳಗೇ ಇತ್ತು.

ಆ ಅಧ್ಯಾಯ 30ಕ್ಕೂ ಹೆಚ್ಚು ಬಗೆಯ ಮೀನು ಹೆಸರಿಸುತ್ತದೆ. ಸಮುದ್ರದ್ದು ಯಾವುದು, ಹೊಳೆಯದು ಯಾವುದು, ಹುರುಪೆ ಇರೋದು, ಇಲ್ಲದ್ದು ಅಂತ ವಿಂಗಡಿಸುತ್ತದೆ. ಯಾವ ಮೀನಿಗೆ ಏನು ತಿನ್ನಿಸಬೇಕು, ದಾರ, ಕೋಲು ಹೇಗಿರಬೇಕು ಅನ್ನೋದೂ ಇದೆ. ಎರೆ ನಿಮಗೆ ಇಷ್ಟ ಆದರೆ ಸಾಲದು, ಮೀನಿನ ಊಟ ಗೊತ್ತಿರಬೇಕು. ಇಡೀ ಅಧ್ಯಾಯದ ಸಾರ ಇಷ್ಟು.

ಈಗಲೂ ಲೆಕ್ಕ ಬದಲಾಗಿಲ್ಲ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಇವಕ್ಕೆ ಹಿಟ್ಟಿನ ಉಂಡೆ ನಡೆಯುತ್ತೆ, ಆದರೆ ಗಾಳ ಸರಿಯಾದ ಆಳಕ್ಕೆ ಬೀಳಬೇಕು. ಕೊರವ ಮೀನು ಬೇಟೆಗಾರ. ಅದಕ್ಕೆ ಕಪ್ಪೆ ಬೇಕು, ಈಗ ರಬ್ಬರ್ ಕಪ್ಪೆಯೂ ಆಗುತ್ತೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಬಂಡವಾಳ ಯಾರದು, ಖಾತೆ ಯಾರ ಹೆಸರಲ್ಲಿ ಅಂತ ನೋಡೋ ಚಾಳಿ ಇದೆ. ಮೀನಿನ ಊಟ ರಾಜನಿಗೆ ಹೇಗೆ ಗೊತ್ತಾಯ್ತು? ಅರಮನೆಯಲ್ಲಿ ಕೂತು ಅಂತೂ ಅಲ್ಲ. ದಿನಾ ನೀರಿಗಿಳಿಯೋ ಬೆಸ್ತರು, ಅಂಬಿಗರು ಹೇಳಿರಬೇಕು ಅನ್ನೋದು ನನ್ನ ಊಹೆ. ಗ್ರಂಥ ರಾಜನ ಹೆಸರಲ್ಲಿ ಉಳಿಯಿತು, ಹೇಳಿಕೊಟ್ಟವರ ಹೆಸರು ಉಳಿಯಲಿಲ್ಲ.

ಬ್ರಿಟಿಷರ ಕಾಲದಲ್ಲೂ ಹೀಗೇ. ಹೆನ್ರಿ ಸಲಿವನ್ ಥಾಮಸ್ ಅನ್ನೋ ಅಧಿಕಾರಿ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆದರೆ ಒಂದು ವಿಷಯಕ್ಕೆ ಅವನನ್ನು ಮೆಚ್ಚಬೇಕು: ಮರಿಗಳನ್ನೇ ಬಾಚಿದರೆ ಮುಂದೆ ಮೀನೇ ಇರಲ್ಲ ಅಂತ ಅವನು ಸರ್ಕಾರಕ್ಕೆ ವಾದಿಸಿದ.

ಆ ಮಾತು ಇವತ್ತು ಯಾಕೆ ಬೇಕು ಅಂದ್ರೆ, ಮಳೆಗಾಲದಲ್ಲಿ ಕೊರವನ ಕೆಂಪು ಮರಿಗಳು ಗುಂಪಾಗಿ ಮೇಲೆ ಬರುತ್ತವೆ. ಕೆಳಗೆ ತಂದೆತಾಯಿ ಕಾವಲು. ಆ ಗುಂಪಿನ ಮೇಲೆ ಲೂರ್ ಎಸೆದರೆ ದೊಡ್ಡ ಮೀನು ನುಗ್ಗಿ ಕಚ್ಚುತ್ತೆ. ಹಸಿವಿಗಲ್ಲ, ಮರಿ ಕಾಯೋಕೆ. ವಿಡಿಯೋಗೆ ಭರ್ಜರಿ ದೃಶ್ಯ. ಆದರೆ ಕಾವಲು ಹೋದರೆ ಮರಿಗಳನ್ನು ಬೇರೆ ಮೀನು, ಹಕ್ಕಿ ಮುಗಿಸುತ್ತವೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತ ಮೇಲೆ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಹರಿಯೋ ಹೊಳೆ ಹಿನ್ನೀರಾಯಿತು. ಅಲ್ಲಿ ದೊಡ್ಡ ನೀರು, ನಷ್ಟ ಬೇಗ ಕಾಣಲ್ಲ. ಕೂಡ್ಲಿಗಿ, ಕೊಟ್ಟೂರಿನ ಮಳೆಯಾಶ್ರಿತ ಕೆರೆಗಳಲ್ಲಿ ಹಾಗಲ್ಲ. ಒಂದು ಹಂಗಾಮಿನ ಮರಿ ಹೋದರೆ ಕೆರೆಯೇ ಬರಿದು.

ಹಾಗಾಗಿ ಕೆಂಪು ಮರಿ ಕಂಡರೆ ಗಾಳ ಸುತ್ತಿಕೊಳ್ಳಿ. ನಿಮ್ಮೂರಲ್ಲಿ ಮೀನು ಹಿಡಿಯೋ ಅಜ್ಜ ಇದ್ದರೆ ಕೇಳಿ: ಯಾವ ಮೀನಿಗೆ ಏನು ಎರೆ, ಯಾವಾಗ ಹಿಡೀಬಾರದು? ಅವರು ಒಪ್ಪಿದರೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಅವರ ಹೆಸರನ್ನೂ ಸೇರಿಸಿ.