ಭೂಪ್ರಕ್ರಿಯೆಗಳ ಬೋಧನೆ: ದಕ್ಷಿಣ ಬೆಂಗಳೂರು

ಭೂಪ್ರಕ್ರಿಯೆಗಳ ಬೋಧನೆ ಎಂದರೆ ಶಿಲೆಗಳ ಹುಟ್ಟು, ಶಿಥಿಲೀಕರಣ, ಸವೆತ, ಸಂಚಯನ, ಭೂಕಂಪ, ಭೂಫಲಕಗಳ ಚಲನೆ ಮುಂತಾಗಿ ನೆಲದ ರೂಪವನ್ನು ಬದಲಿಸುವ ಕ್ರಿಯೆಗಳನ್ನು ವಿದ್ಯಾರ್ಥಿಗಳಿಗೆ ಕಲಿಸುವುದು. ಕರ್ನಾಟಕದಲ್ಲಿ ಈ ಬೋಧನೆಗೆ ಬೇಕಾದ ಸಾಮಗ್ರಿಯ ದೊಡ್ಡ ಪಾಲು ದಕ್ಷಿಣ ಬೆಂಗಳೂರಿನ ಕೆಲವೇ ಕಿಲೋಮೀಟರುಗಳಲ್ಲಿ ಅಡಕವಾಗಿದೆ. ಬಂಡೆ ಲಾಲ್‌ಬಾಗಿನಲ್ಲಿದೆ, ಭೂವಿಜ್ಞಾನಿಗಳ ಸಂಘ ಗವಿಪುರದಲ್ಲಿದೆ, ಪಠ್ಯಪುಸ್ತಕದ ಕಚೇರಿ ಬನಶಂಕರಿಯಲ್ಲಿದೆ. ಈ ಮೂರೂ ಒಂದಕ್ಕೊಂದು ಸರಿಯಾಗಿ ಕೂಡಿಬಂದಿಲ್ಲ ಎಂಬುದೇ ಇಲ್ಲಿನ ಚರಿತ್ರೆಯ ಮುಖ್ಯ ಸಂಗತಿ.

ಜಯನಗರಕ್ಕೆ ಅಂಟಿಕೊಂಡಂತಿರುವ ಲಾಲ್‌ಬಾಗಿನಲ್ಲಿ, ಕೆಂಪೇಗೌಡ ಗೋಪುರವನ್ನು ಹೊತ್ತ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ (ಜಿಎಸ್‌ಐ) ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಡಬ್ಲ್ಯೂ. ಎಫ್. ಸ್ಮೀತ್ ಈ ಬಗೆಯ ಶಿಲೆಗೆ ಪೆನಿನ್ಸುಲರ್ ನೈಸ್ ಎಂಬ ಹೆಸರು ಕೊಟ್ಟರು. ಸಂಸ್ಥಾನದ ಭೂಚರಿತ್ರೆಯ ರೂಪರೇಖೆಯನ್ನು ಅವರು 1916ರಲ್ಲಿ ಪ್ರಕಟಿಸಿದರು. ಬಂಡೆಯ ಮೇಲಿನ ಕಪ್ಪು-ಬಿಳಿ ಪಟ್ಟೆಗಳು, ಅವನ್ನು ಅಡ್ಡ ಕತ್ತರಿಸಿಕೊಂಡು ಹೋಗುವ ಬಿಳಿಯ ಎಳೆಗಳು ಬರಿಗಣ್ಣಿಗೇ ಕಾಣುತ್ತವೆ. ಮೊದಲಿನ ಶಿಲೆ ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟಾಗ ಪಟ್ಟೆಗಳು ಮೂಡಿದವು. ಬಿರುಕುಗಳಿಗೆ ಕರಗಿದ ದ್ರವ್ಯ ನುಗ್ಗಿ ಗಟ್ಟಿಯಾದಾಗ ಎಳೆಗಳಾದವು. ಯಾವ ಎಳೆ ಯಾವುದನ್ನು ಕತ್ತರಿಸಿದೆ ಎಂದು ನೋಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಹತ್ತು ವರ್ಷದ ಮಗುವೂ ಹೇಳಬಲ್ಲದು. ಇನ್ನೂ ದೊಡ್ಡ ಪ್ರಶ್ನೆಯೊಂದಿದೆ: ಹಲವು ಕಿಲೋಮೀಟರ್ ಆಳದಲ್ಲಿ ರೂಪುಗೊಂಡ ಕಲ್ಲು ಇವತ್ತು ನಮ್ಮ ಕಾಲ ಕೆಳಗೆ ಏಕಿದೆ? ಮೇಲಿದ್ದ ನೆಲವೆಲ್ಲ ಸವೆದುಹೋಗಿದೆ, ಭಾರ ಇಳಿದಂತೆ ಕೆಳಗಿನದು ಮೇಲೇರಿದೆ. ಭಾರ ಕಳಚಿದ ಬಂಡೆ ಈರುಳ್ಳಿಯ ಹಾಗೆ ಪದರಪದರವಾಗಿ ಸುಲಿಯುವುದನ್ನು ಬಸವನಗುಡಿಯ ಬ್ಯೂಗಲ್ ರಾಕ್‌ನಲ್ಲೂ ತುರಹಳ್ಳಿ ಕಾಡಿನ ಗುಡ್ಡಗಳಲ್ಲೂ ನೋಡಬಹುದು. ಹವೆ-ನೀರುಗಳಿಗೆ ಸಿಕ್ಕಿ ಈ ಕಲ್ಲು ಕೊನೆಗೆ ಕೆಮ್ಮಣ್ಣಾಗುತ್ತದೆ.

ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಆರಂಭವಾದದ್ದು 1894ರಲ್ಲಿ, ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ. ಅದರ ಮುಖ್ಯ ಕಾಳಜಿ ಚಿನ್ನ ಮತ್ತು ಅದಿರು. ಶಾಲೆಯ ಮಕ್ಕಳು ಅದರ ಲೆಕ್ಕದಲ್ಲಿರಲಿಲ್ಲ. ಕಾಲೇಜು ಮಟ್ಟದ ಬೋಧನೆ ಸೆಂಟ್ರಲ್ ಕಾಲೇಜಿನಲ್ಲಿ ಬೆಳೆಯಿತು. ಅಲ್ಲಿನ ಪ್ರಾಧ್ಯಾಪಕ ಎಲ್. ರಾಮರಾವ್, ಇಲಾಖೆಯ ಬಿ. ಪಿ. ರಾಧಾಕೃಷ್ಣ ಮೊದಲಾದವರ ಪ್ರಯತ್ನದಿಂದ 1958ರಲ್ಲಿ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು, ಡಿ. ಎನ್. ವಾಡಿಯಾ ಮೊದಲ ಅಧ್ಯಕ್ಷರು. ಇದರ ಕಚೇರಿ ಗವಿಪುರದ ಬಡಾವಣೆಯೊಂದರಲ್ಲಿದೆ. ರಾಧಾಕೃಷ್ಣ (1918–2012) ಸಂಘವನ್ನೂ ಅದರ ಪತ್ರಿಕೆಯನ್ನೂ ದಶಕಗಳ ಕಾಲ ನಡೆಸಿದರು, ಕನ್ನಡದಲ್ಲೂ ಬರೆದರು. ಆದರೂ ಸಂಘದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ, ವಿದ್ವಾಂಸರ ನಡುವೆಯೇ ನಡೆಯಿತು.

ಕನ್ನಡದ ದಾರಿ ಬೇರೆ. 1917ರ ಸುಮಾರಿಗೆ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಹೊರತಂದ ‘ವಿಜ್ಞಾನ’ ಮಾಸಪತ್ರಿಕೆ ಅಲ್ಪಾಯುಷಿಯಾದರೂ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿತು. ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲ ಪ್ರಪಂಚ’ವನ್ನೂ ದೊಡ್ಡವರಿಗೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟರು. 1978ರಲ್ಲಿ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಶುರುವಾಯಿತು. ಅದನ್ನು ನಡೆಸುವ, 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ವಿಜ್ಞಾನ ಭವನ ಈಗ ಬನಶಂಕರಿ 2ನೇ ಹಂತದಲ್ಲಿದೆ. ಜಿಎಸ್‌ಐ ರಾಜ್ಯ ಕಚೇರಿ ಇರುವುದು ಪಕ್ಕದ ಕುಮಾರಸ್ವಾಮಿ ಲೇಔಟ್‌ನಲ್ಲಿ. ಆ ಸಂಸ್ಥೆಯಲ್ಲಿ ದುಡಿದ ಟಿ. ಆರ್. ಅನಂತರಾಮು ಭೂವಿಜ್ಞಾನವನ್ನು ತಿಳಿಗನ್ನಡಕ್ಕೆ ತಂದವರಲ್ಲಿ ಪ್ರಮುಖರು. ಶಾಲಾ ಶಿಕ್ಷಕರಿಗೆ ಪಠ್ಯದಾಚೆ ಒದಗಿದ್ದು ಬಹುಮಟ್ಟಿಗೆ ಇಂಥವರ ಬರಹವೇ.

ರಾಜ್ಯದ ಪಠ್ಯಪುಸ್ತಕ ಸಂಘವೂ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬನಶಂಕರಿ 3ನೇ ಹಂತದ ವರ್ತುಲ ರಸ್ತೆಯಲ್ಲಿವೆ. ಬೀದರಿನಿಂದ ಚಾಮರಾಜನಗರದವರೆಗೆ ರಾಜ್ಯ ಪಠ್ಯಕ್ರಮದ ಮಗು ಓದುವ ‘ಶಿಲಾಗೋಳ’ದ ಪಾಠ ಸಿದ್ಧವಾಗುವುದು ಇಲ್ಲಿ. ಅದು ವಿಜ್ಞಾನದ ಪುಸ್ತಕದಲ್ಲಿಲ್ಲ. ಎಂಟನೇ ತರಗತಿಯ ಸಮಾಜ ವಿಜ್ಞಾನದ ಭೂಗೋಳ ಭಾಗದಲ್ಲಿದೆ. ಹೀಗಾಗಿ ಅದನ್ನು ಕಲಿಸುವ ಹೊಣೆ ಇತಿಹಾಸ, ಪೌರನೀತಿಗಳನ್ನು ಕಲಿಸುವ ಶಿಕ್ಷಕರದೇ. ಪಿಯುಸಿಯಲ್ಲಿ ಭೂಗರ್ಭಶಾಸ್ತ್ರ ಐಚ್ಛಿಕ ವಿಷಯವಾಗಿದ್ದರೂ ಅದನ್ನು ಕಲಿಸುವ ಕಾಲೇಜುಗಳು ವಿರಳ. ಪಾಠವೇನೂ ಕಳಪೆಯಲ್ಲ. ಆದರೆ ಶಿಲೆಯ ವಿಧಗಳು, ಭೂಕಂಪದ ಅಲೆಗಳು, ನದಿಯ ಭೂಸ್ವರೂಪಗಳು ಅಂಕಕ್ಕಾಗಿ ಕಂಠಪಾಠ ಮಾಡುವ ಪಟ್ಟಿಗಳಾಗಿಬಿಡುತ್ತವೆ. ಮಕ್ಕಳಿಗೆ ಜಪಾನಿನ ಫ್ಯೂಜಿ ಗೊತ್ತು, ಮನೆಯಡಿಯ ನೈಸ್ ಗೊತ್ತಿಲ್ಲ.

ಪಾಠಕ್ಕೆ ಜೀವ ಬಂದದ್ದು ಹಲವು ಬಾರಿ ಅನಾಹುತಗಳಿಂದ. ದಖ್ಖನ್ ಅಲುಗಾಡದ ಗಟ್ಟಿ ನೆಲ ಎಂಬ ನಂಬಿಕೆಗೆ 1967ರ ಕೊಯ್ನಾ ಭೂಕಂಪ ಪೆಟ್ಟು ಕೊಟ್ಟಿತು, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಅದನ್ನು ಮುರಿಯಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಭೂಕುಸಿತ ಎಂಬ ಪದ ಬೆಂಗಳೂರಿನ ಮನೆಮನೆಯ ಮಾತಾಯಿತು. ಸಮಾಧಾನದ ಸುದ್ದಿಯೂ ಇದೆ. ಗವಿಪುರದ ಸೊಸೈಟಿ ಶಾಲಾ ಮಕ್ಕಳಿಗಾಗಿ ಭೂವಿಜ್ಞಾನ ಒಲಿಂಪಿಯಾಡ್ ನಡೆಸಿತು. 2013ರ ಅಂತರರಾಷ್ಟ್ರೀಯ ಭೂವಿಜ್ಞಾನ ಒಲಿಂಪಿಯಾಡ್ ಮೈಸೂರಿನಲ್ಲೇ ನಡೆಯಿತು. ಆದರೆ ಅದು ಆಯ್ದ ಕೆಲವರ ಸ್ಪರ್ಧೆ.

ಎಲ್ಲರಿಗೂ ಸಿಗುವ ಪಾಠಗಳು ಬಡಾವಣೆಗಳಲ್ಲೇ ಇವೆ. ಜೆ.ಪಿ. ನಗರದಲ್ಲಿ ಬೋರ್‌ವೆಲ್ ಕೊರೆಯುವಾಗ ಮೊದಲು ಕೆಮ್ಮಣ್ಣು, ಆಮೇಲೆ ಸಡಿಲಗೊಂಡ ಶಿಲೆ, ಕೊನೆಗೆ ಬೂದುಬಣ್ಣದ ಕಲ್ಲಿನ ಪುಡಿ ಹೊರಬೀಳುತ್ತದೆ; ಶಿಥಿಲೀಕರಣದ ಚಿತ್ರ ಇಡಿಯಾಗಿ ಅದರಲ್ಲಿದೆ. ಬಸವನಗುಡಿಯ ಪಶ್ಚಿಮ ಇಳಿಜಾರಿನಲ್ಲಿ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ಬಿಟಿಎಂ ಲೇಔಟ್ ಪಕ್ಕದ ಮಡಿವಾಳ ಕೆರೆಯ ನೀರು ಬೆಳ್ಳಂದೂರಿನ ಕಡೆ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನಡುವಿನ ದಿಣ್ಣೆಯೇ ಜಲವಿಭಾಜಕ. ಇವನ್ನು ನೋಡಲು ಪ್ರಯೋಗಾಲಯ ಬೇಡ, ವೇಳಾಪಟ್ಟಿಯಲ್ಲಿ ಅರ್ಧ ದಿನ ಬೇಕು. ಶಿಲಾಗೋಳದ ಪಾಠಕ್ಕೆ ಒಂದು ಹೊರಸಂಚಾರವನ್ನು ಕಡ್ಡಾಯ ಮಾಡುವ ತೀರ್ಮಾನವನ್ನು ಬನಶಂಕರಿಯ ಆ ಕಚೇರಿಗಳೇ ತೆಗೆದುಕೊಳ್ಳಬೇಕು.