ಹದಿಮೂರು ಅಂಕ ಎಲ್ಲಿಂದ ಬಂತು? – ಬ್ರಿಜ್ ಆಟದ ಮೊದಲ ಕೂಗಿನ ಚರಿತ್ರೆ

ನಮ್ಮ ಕಾಸರಗೋಡಿನ ಕಡೆ 'ಇಪ್ಪತ್ತೆಂಟು' ಆಟದ ಹೆಸರು ಕೇಳದವರು ಕಡಿಮೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕು ಜಾತಿ ಸೇರಿ 28. ಮಾಷ್ಟ್ರುಗಳಿಗೆ ಇಸ್ಪೀಟಿನ ಸುದ್ದಿ ಯಾಕೆ ಎನ್ನಬೇಡಿ, ನಾವು ಹೇಳಹೊರಟಿರುವುದು ಒಂದು ಲೆಕ್ಕದ ಕಥೆ.

ಇಪ್ಪತ್ತೆಂಟರಲ್ಲಿ ಆ ಅಂಕಗಳನ್ನೇ ಗೆಲ್ಲಬೇಕು. ಬ್ರಿಜ್‌ನಲ್ಲಿ ಹಾಗಲ್ಲ. ಪ್ರತಿ ಸುತ್ತಿನಲ್ಲೂ ನಾಲ್ವರು ಒಂದೊಂದು ಎಲೆ ಇಳಿಸುತ್ತಾರೆ, ಆ ನಾಲ್ಕೆಲೆ ಗೆದ್ದರೆ ಒಂದು ಟ್ರಿಕ್. ಒಟ್ಟು 13 ಟ್ರಿಕ್. ಎಲೆಗೆ ತನ್ನದೇ ಬೆಲೆ ಎಂಬುದಿಲ್ಲ. ಆದರೂ ಆಟಗಾರರು ಎಲೆ ಕೈಗೆ ಬಂದ ಕೂಡಲೇ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸುತ್ತಾರೆ. ಕಾರಣವಿಷ್ಟೆ: ಮೊದಲು ಕೂಗಿದವನು ಎದುರು ಕುಳಿತ ಜತೆಗಾರನ ಎಲೆ ನೋಡದೆಯೇ ಕನಿಷ್ಠ 7 ಟ್ರಿಕ್‌ಗೆ ಮಾತು ಕೊಡುತ್ತಾನೆ. ಮಾತು ತಪ್ಪಿದರೆ ದಂಡ. ಸುಮ್ಮನಿದ್ದರೆ ಎದುರಾಳಿಗಳಿಗೆ ದಾರಿ ಬಿಟ್ಟಂತೆ.

ಈ ಇಕ್ಕಟ್ಟು ತೀವ್ರವಾದದ್ದು 1925ರಲ್ಲಿ. ಅದಕ್ಕೆ ಮುಂಚಿನ ಆಕ್ಷನ್ ಬ್ರಿಜ್‌ನಲ್ಲಿ ಕಡಿಮೆ ಕೂಗಿ ಹೆಚ್ಚು ಗೆದ್ದರೂ ಎಲ್ಲವೂ ಆಟದ ಗೆಲುವಿಗೆ ಸೇರುತ್ತಿತ್ತು. ಆ ವರ್ಷ ಪನಾಮಾ ಕಾಲುವೆಯ ಮಾರ್ಗವಾಗಿ ಹವಾನಾಕ್ಕೆ ಹೊರಟ ಹಡಗಿನಲ್ಲಿ ಅಮೆರಿಕದ ಶ್ರೀಮಂತ ಹೆರಾಲ್ಡ್ ವಾಂಡರ್‌ಬಿಲ್ಟ್ ಹೊಸ ಲೆಕ್ಕಪದ್ಧತಿ ಆಡಿ ನೋಡಿದರು. ಕೂಗಿದಷ್ಟೇ ಆಟದ ಗೆಲುವಿಗೆ ಸೇರುತ್ತದೆ ಎಂಬುದು ಅದರ ತಿರುಳು. ಹೀಗೆ ಕಾಂಟ್ರಾಕ್ಟ್ ಬ್ರಿಜ್‌ನಲ್ಲಿ ಆಡುವಷ್ಟೇ ಮಹತ್ವ ಕೂಗುವುದಕ್ಕೂ ಬಂತು.

ಮೊದಲು ಜನಪ್ರಿಯವಾದ ಅಳತೆಗೋಲು ಈಲೈ ಕಲ್ಬರ್ಟ್‌ಸನ್ ಅವರದು. ಒಂದೇ ಜಾತಿಯ ಎಕ್ಕ-ರಾಜ ಇದ್ದರೆ 2, ಎಕ್ಕ-ರಾಣಿ ಇದ್ದರೆ ಒಂದೂವರೆ, ಬರೀ ಎಕ್ಕಕ್ಕೆ 1. ಹೀಗೆ ಎರಡೂವರೆ ಆದರೆ ಕೂಗಬಹುದು. 1931-32ರಲ್ಲಿ ಅವರ ತಂಡ ಸಿಡ್ನಿ ಲೆಂಜ್ ತಂಡವನ್ನು ಸೋಲಿಸಿದಾಗ ಪತ್ರಿಕೆಗಳಲ್ಲಿ ಅದೇ ಸುದ್ದಿ. ಪ್ರಚಾರ ಮಾಡುವುದರಲ್ಲಿ ಕಲ್ಬರ್ಟ್‌ಸನ್ ಅಸಾಧ್ಯ ಮನುಷ್ಯ! ಆದರೆ ಅರ್ಧ, ಒಂದೂವರೆಗಳ ಲೆಕ್ಕ ಹೊಸಬರಿಗೆ ತೊಡಕಿನದೇ.

4-3-2-1ರ ಲೆಕ್ಕ ಆಗಲೂ ಇತ್ತು. ಬ್ರಯಂಟ್ ಮೆಕ್ಯಾಂಪ್‌ಬೆಲ್ 1915ರಲ್ಲೇ ಅದನ್ನು ಬರೆದಿದ್ದರು, ಆಮೇಲೆ ಪ್ರಚಾರ ಮಾಡಿದ ಮಿಲ್ಟನ್ ವರ್ಕ್ ಹೆಸರಲ್ಲೇ ಅದು ಉಳಿಯಿತು. ಅದರ ಕೊರತೆಯೆಂದರೆ ದೊಡ್ಡ ಎಲೆಗಳನ್ನಷ್ಟೇ ಅದು ನೋಡುತ್ತಿತ್ತು. ಒಂದು ಜಾತಿಯ ಎಲೆಯೇ ಇಲ್ಲದಿದ್ದರೆ ಆ ಜಾತಿ ಬಂದಾಗ ತುರುಪಿನಿಂದ ಹೊಡೆಯಬಹುದಲ್ಲ? ವರ್ಕ್ ಅವರ ಸಹಾಯಕರಾಗಿದ್ದ, ಫಿಲಡೆಲ್ಫಿಯಾದ ವಕೀಲ ಚಾರ್ಲ್ಸ್ ಗೋರೆನ್ 1949ರಲ್ಲಿ ಇದನ್ನು ಸರಿಪಡಿಸಿದರು. ಟೊರಾಂಟೊದ ವಿಮಾ ಗಣಿತಜ್ಞ ವಿಲಿಯಂ ಆಂಡರ್ಸನ್ ನೆರವಿನಿಂದ, ಎಲೆಯಿಲ್ಲದ ಜಾತಿಗೆ 3, ಒಂದೇ ಎಲೆಗೆ 2, ಎರಡೆಲೆಗೆ 1 ಸೇರಿಸಿದರು. 13 ಆದರೆ ಕೂಗಬಹುದು, 14 ಆದರೆ ಕೂಗಲೇಬೇಕು ಎಂದರು.

13ಕ್ಕೆ ಅರ್ಥವಿದೆ. ಕಟ್ಟಿನಲ್ಲಿರುವ ದೊಡ್ಡ ಎಲೆಗಳ ಅಂಕ 40, ತಲಾ ಸರಾಸರಿ 10. ಅದಕ್ಕಿಂತ ಒಬ್ಬ ರಾಜನಷ್ಟು ಹೆಚ್ಚಿದ್ದರೆ 13. ತುಂಬ ಸರಳ, ಆದ್ದರಿಂದಲೇ ಮನೆಮನೆಗೂ ಹೋಯಿತು. ಆದರೆ ಮಕ್ಕಳು ಸೂತ್ರವನ್ನು ಉರು ಹೊಡೆಯುವಂತೆ ಆಟಗಾರರೂ 13ಕ್ಕೆ ಜೋತುಬಿದ್ದರು ಎಂಬುದು ನಮ್ಮ ಅನಿಸಿಕೆ.

ಮಾರ್ಟಿ ಬರ್ಗೆನ್ ಜನಪ್ರಿಯಗೊಳಿಸಿದ 'ಇಪ್ಪತ್ತರ ನಿಯಮ' ಇದನ್ನು ಸಡಿಲಿಸಿತು. ದೊಡ್ಡ ಎಲೆಗಳ ಅಂಕಕ್ಕೆ ಅತಿ ಉದ್ದದ ಎರಡು ಜಾತಿಗಳ ಎಲೆಗಳ ಸಂಖ್ಯೆ ಕೂಡಿಸಿ. 20 ಆದರೆ ಕೂಗಿ. 11 ಅಂಕವಿದ್ದು ಒಂದು ಜಾತಿ 5, ಇನ್ನೊಂದು 4 ಇದ್ದರೆ ಸರಿಯಾಗಿ 20. 12 ಅಂಕವಿದ್ದು 4-3-3-3 ಹಂಚಿಕೆಯಾದರೆ 19, ಪಾಸ್. ಅಂಕ ಕಡಿಮೆಯಿದ್ದವನು ಕೂಗುತ್ತಾನೆ, ಹೆಚ್ಚಿದ್ದವನು ಸುಮ್ಮನಿರುತ್ತಾನೆ!

ಮೂವರೂ ಪಾಸ್ ಅಂದ ಮೇಲೆ ನಾಲ್ಕನೆಯವನದು ಬೇರೆ ಲೆಕ್ಕ. ಅವನೂ ಪಾಸ್ ಅಂದರೆ ಆ ಆಟ ಅಲ್ಲಿಗೇ ರದ್ದು. ಅವನು ಅಂಕಕ್ಕೆ ತನ್ನ ಇಸ್ಪೀಟ್ ಜಾತಿಯ ಎಲೆಗಳನ್ನು ಕೂಡಿಸಿ 15 ಆದರೆ ಕೂಗುತ್ತಾನೆ. ನಾಲ್ಕು ಜಾತಿಗಳಲ್ಲಿ ಇಸ್ಪೀಟಿನದೇ ಮೇಲ್ಗೈ. ಎಲೆ ಸಮಸಮವಾಗಿ ಹಂಚಿಹೋದಾಗ ಇಸ್ಪೀಟ್ ಹೆಚ್ಚಿದ್ದವರು ಮೆಟ್ಟಿಲು ಏರದೆಯೇ ಇತರ ಜಾತಿಗಳ ಕೂಗನ್ನು ಮೀರಿಸಬಹುದು.