ಕ್ವೆಬೆಕ್‌ನ ಫ್ರೆಂಚ್ ವಲಸಿಗರು: ವಂಶಮೂಲದ ಶೋಧ ಹೇಗೆ?

ಕೆನಡಾದ ಕ್ವೆಬೆಕ್‌ನಲ್ಲಿ 1608ರಿಂದ ನೆಲೆಯೂರಿದ ಫ್ರೆಂಚ್ ವಲಸಿಗರ ವಂಶಮೂಲವನ್ನು ಅರಸುವವರಿಗೆ ಚರ್ಚುಗಳ ಜ್ಞಾನಸ್ನಾನ, ವಿವಾಹ ಹಾಗೂ ಶವಸಂಸ್ಕಾರದ ದಾಖಲೆ ಪುಸ್ತಕಗಳೇ ಮುಖ್ಯ ಆಧಾರ. 1640ರಲ್ಲಿ ಕ್ವೆಬೆಕ್ ನಗರದ ಚರ್ಚಿಗೆ ಬೆಂಕಿ ಬಿದ್ದು ಆರಂಭಿಕ ಪುಸ್ತಕಗಳು ಸುಟ್ಟುಹೋದವು. ಅವನ್ನು ನೆನಪಿನಿಂದ ಮತ್ತೆ ಬರೆಯಬೇಕಾಯಿತು. ದಾಖಲೆಗಳ ಎರಡು ಪ್ರತಿ ಇರಿಸುವ ಪದ್ಧತಿ 1679ರಿಂದ ಜಾರಿಗೆ ಬಂದಿತು.

ಶೋಧವು ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಸಾಗಬೇಕು. ವಿವಾಹದ ದಾಖಲೆಯಲ್ಲಿ ಸಾಮಾನ್ಯವಾಗಿ ವಧೂವರರ ತಂದೆತಾಯಿಯರ ಹೆಸರಿರುತ್ತದೆ. ವಲಸೆ ಬಂದವರಾಗಿದ್ದರೆ ಅನೇಕ ವೇಳೆ ಫ್ರಾನ್ಸಿನ ಊರೂ ದೊರೆಯುತ್ತದೆ. ಸ್ತ್ರೀಯರು ತವರಿನ ಕುಲನಾಮದಲ್ಲಿಯೇ ದಾಖಲಾಗಿರುವುದರಿಂದ ತಾಯಿಯ ಕಡೆಯ ಎಳೆಯೂ ಕೈತಪ್ಪುವುದಿಲ್ಲ.

ತೊಡಕಿರುವುದು 'ದಿ' ಎಂಬ ಫ್ರೆಂಚ್ ಪದದಲ್ಲಿ. ನಮ್ಮ ಕಾಗದಪತ್ರಗಳ 'ಉರುಫ್' ಇದ್ದಂತೆ, ಅದರ ಮುಂದೆ ಅಡ್ಡಹೆಸರು ಬರುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಅಡ್ಡಹೆಸರೇ ಕುಲನಾಮವಾಗಿ, ಮೂಲ ಹೆಸರು ಮರೆಯಾಗಿರಬಹುದು. ಎರಡೂ ಹೆಸರುಗಳಲ್ಲಿ ಹುಡುಕದಿದ್ದರೆ ವಂಶಾವಳಿ ಅಲ್ಲಿಗೇ ನಿಂತುಬಿಡುತ್ತದೆ.